ನೆರಳಿನಲ್ಲಿ, ಚಕ್ರ ತಣ್ಣಗಾದ ಮೇಲೆ

ಇವರಿಂದ: ಜಗದೇವಪ್ಪ, ನೀರಾವರಿ ಕಚೇರಿಯ ನಿವೃತ್ತ ಅಧೀಕ್ಷಕ, ಶಹಾಪುರ, ಯಾದಗಿರಿ ಜಿಲ್ಲೆ.

ಇವರಿಗೆ: ನಮ್ಮ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ‘ನಿಮ್ಮ ಅಲಾಯ್ ಚಕ್ರಗಳ ಆರೈಕೆ ಮತ್ತು ರಕ್ಷಣೆ’ ಎಂಬ ಪುಟವನ್ನು ಬರೆದ ಮಹನೀಯರು. (ತಮ್ಮ ಹೆಸರು ಅಚ್ಚಾಗಿಲ್ಲದ ಕಾರಣ ಬಹಿರಂಗವಾಗಿ ಬರೆಯುತ್ತಿದ್ದೇನೆ. ಗುರುತಿದ್ದವರು ದಯವಿಟ್ಟು ಮುಟ್ಟಿಸಬೇಕು.)

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕುಟುಂಬವರ್ಗಕ್ಕೂ, ತಮ್ಮ ಮನೆಯ ಮುಂದೆ ನೆರಳಿನಲ್ಲಿ ನಿಂತಿರಬಹುದಾದ ಕಾರಿನ ನಾಲ್ಕೂ ಚಕ್ರಗಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಭೀಮರಾಯನಗುಡಿಯ ಕಚೇರಿಯಲ್ಲಿ ಕಾಲುವೆಯ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಮೇಲಿನಿಂದ ಬಂದ ಸುತ್ತೋಲೆಯನ್ನು ಅಕ್ಷರ ಬಿಡದೆ ಪಾಲಿಸಿ ಅಭ್ಯಾಸ. ನಿವೃತ್ತನಾಗಿ ಮನೆಗೆ ಬಂದ ಮೇಲೆ ಪಾಲಿಸಲು ಯಾವ ಸುತ್ತೋಲೆಯೂ ಇಲ್ಲದೆ ಕೈಕಾಲು ಆಡದಂತಾಗಿದ್ದಾಗ ತಮ್ಮ ಪುಟ ದೊರೆಯಿತು. ಅದಕ್ಕಾಗಿ ತಮಗೆ ಋಣಿಯಾಗಿದ್ದೇನೆ. ಆ ಋಣವನ್ನು ಆದಷ್ಟು ತೀರಿಸಿಕೊಳ್ಳಬೇಕೆಂಬ ಸದುದ್ದೇಶದಿಂದಲೇ ಈ ದೂರನ್ನು ಬರೆಯುತ್ತಿದ್ದೇನೆ.

ಕಾರನ್ನು ಕಳೆದ ಯುಗಾದಿಯ ಹೊತ್ತಿಗೆ ಮನೆಗೆ ತಂದೆವು. ಇದೇ ಗಾಡಿ ಸಾದಾ ಕಬ್ಬಿಣದ ಚಕ್ರದಲ್ಲಿಯೂ ಸಿಗುತ್ತಿತ್ತು. ಆದರೆ ಯಾದಗಿರಿಯ ಮಳಿಗೆಯಲ್ಲಿ ಕಪ್ಪು ಕಡ್ಡಿ, ಬೆಳ್ಳಿ ಅಂಚಿನ ಅಲಾಯ್ ಚಕ್ರವನ್ನು ಕಂಡದ್ದೇ ತಡ, ನನ್ನ ಮನಸ್ಸು ಜಾರಿತು. ನನ್ನ ಮಡದಿ ಬಸ್ಸಮ್ಮನಿಗೆ ಚಕ್ರದ ಮೇಲೆ ಯಾವ ಮೋಹವೂ ಇರಲಿಲ್ಲ. ಅವಳದು ಬೇರೆಯೇ ಒಂದು ಆಸೆ. ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಭಾಗಮ್ಮ ಗುರುಮಠಕಲ್ಲಿನ ತವರುಮನೆಯಲ್ಲಿದ್ದಾರೆ. ನಮ್ಮ ಮದುವೆಯ ಹಂದರದಲ್ಲಿಯೇ ಆ ತಾಯಿ, “ಸೈಕಲ್ ತುಳಿಯೋ ಗುಮಾಸ್ತಗ ಕೊಟ್ಟು ನಮ್ಮ ಹುಡಿಗಿ ಜಲ್ಮ ಧೂಳಾಗ ಹಾಕಿದ್ರಿ” ಎಂದು, ನನ್ನ ಕಿವಿಗೂ ಬೀಳಲಿ ಎಂಬಂತೆ ಹೇಳಿದ್ದರು. ನಾನು ಅದನ್ನು ಊಟದ ಜೊತೆಗೇ ಜೀರ್ಣಿಸಿಕೊಂಡಿದ್ದೆ, ಬಸ್ಸಮ್ಮ ಜೀರ್ಣಿಸಿಕೊಂಡಿರಲಿಲ್ಲ. ಕಾರು ಬಂದ ದಿನ ಅವಳು ಹೇಳಿದ್ದು ಇಷ್ಟೇ: “ಅತ್ತಿ ಕಣ್ಣು ಮಂಜಾಗಾಕತ್ತಾವ್ರಿ. ಪೂರಾ ಹೋಗೂದ್ರಾಗ ಒಂದ್ ಸಲ ಆಕಿ ಮುಂದ ಈ ಕಾರಿನಿಂದ ಇಳೀಬೇಕು. ಮತ್ತೇನೂ ಬ್ಯಾಡ ನನಗ.” ಬರುವ ಭಾನುವಾರವೇ ಹೋಗೋಣ ಎಂದು ಮಾತು ಕೊಟ್ಟೆ. ದುರದೃಷ್ಟವಶಾತ್ ಭಾನುವಾರಕ್ಕೆ ಮುಂಚೆ ನಾನು ತಮ್ಮ ಪುಟವನ್ನು ಓದಿದೆ.

‘ಚಕ್ರಗಳನ್ನು ಸದಾ ನೆರಳಿನಲ್ಲಿ, ಮುಟ್ಟಿದರೆ ತಣ್ಣಗಿರುವಾಗ ಮಾತ್ರ ತೊಳೆಯಿರಿ’ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ತಾವು ಎಂದಾದರೂ ಏಪ್ರಿಲ್ ತಿಂಗಳಲ್ಲಿ ಶಹಾಪುರಕ್ಕೆ ದಯಮಾಡಿಸಿದ್ದೀರಾ? ಆ ದಿನಗಳಲ್ಲಿ ನಮ್ಮಲ್ಲಿ ಮುಟ್ಟಿದರೆ ತಣ್ಣಗಿರುವ ವಸ್ತು ಯಾವುದೆಂದು ನಾನೂ ಬಸ್ಸಮ್ಮನೂ ಕೂಡಿ ಯೋಚಿಸಿ, ಮಣ್ಣಿನ ಗಡಿಗೆಯ ಹೊರತು ಬೇರೇನೂ ಹೊಳೆಯದೆ ಸುಮ್ಮನಾದೆವು. ನೆರಳು ಎಂದರೆ ನಮ್ಮ ಓಣಿಗೆ ಇರುವುದು ಒಂದೇ ಬೇವಿನ ಮರ. ಅದರ ನೆರಳು ಸೂರ್ಯನ ಮರ್ಜಿಯಂತೆ ನಡೆಯುತ್ತದೆಯೇ ಹೊರತು ನಮ್ಮ ಕಾರಿನ ಮರ್ಜಿಯಂತೆ ಅಲ್ಲ. ಆದ್ದರಿಂದ ನಾನು ಮುಂದಿನಿಂದ ಎಳೆಯುತ್ತಲೂ ಪಕ್ಕದ ಮನೆಯ ಸಾಬಣ್ಣ ಹಿಂದಿನಿಂದ ದೂಡುತ್ತಲೂ ಕಾರನ್ನು ನೆರಳಿನ ಹಿಂದೆಯೇ ಸಾಗಿಸುವ ವ್ಯವಸ್ಥೆ ಮಾಡಿಕೊಂಡೆವು. ಸಾಬಣ್ಣ ಟ್ರ್ಯಾಕ್ಟರ್ ಓಡಿಸುವವನು, ಸ್ವಭಾವತಃ ಆತುರಗಾರ. “ಸಾಹೇಬ್ರ, ಚಾಲೂ ಮಾಡಿ ಸರಿಸ್ಕೊಳ್ರಲ್ಲ, ದೂಡೂದ್ಯಾಕ?” ಎಂದು ಬೆವರು ಒರೆಸಿಕೊಂಡು ಕೇಳಿದ. ಚಾಲೂ ಮಾಡಿದರೆ ಬ್ರೇಕ್ ಹಾಕಬೇಕಾಗುತ್ತದೆ, ಹಾಕಿದರೆ ಚಕ್ರ ಕಾಯುತ್ತದೆ, ಕಾದರೆ ತೊಳೆಯುವಂತಿಲ್ಲ ಎಂದು ತಮ್ಮ ಪರವಾಗಿ ನಾನೇ ವಾದಿಸಿದೆ. ಮರುವಾರದಿಂದ ಅವನಿಗೆ ಭಾನುವಾರಗಳಂದೇ ಹೊಲದ ಕೆಲಸ ಬರತೊಡಗಿತು. ಇನ್ನು ಆ ಬೇವಿನ ಮರದ ಮೇಲೆ ಕಾಗೆಗಳ ದೊಡ್ಡ ಸಂಸಾರವೇ ಇದೆ. ‘ಹಕ್ಕಿಯ ಹಿಕ್ಕೆ ಬಿದ್ದರೆ ತಕ್ಷಣ ಒರೆಸಿ’ ಎಂದು ಅದೇ ಪುಟದ ಕೆಳಗೆ ಬರೆಯುವಾಗ, ನೆರಳಿರುವಲ್ಲಿ ಹಕ್ಕಿಯೂ ಇರುತ್ತದೆಂಬುದು ತಮ್ಮಂಥ ಪಂಡಿತರಿಗೆ ತಿಳಿಯದ್ದೇನಲ್ಲ. ಆದ್ದರಿಂದ ನನ್ನ ಮೊದಲ ಕೋರಿಕೆ: ಮುಂದಿನ ಮಾದರಿಯ ಕಾರಿನ ಜೊತೆ, ಜಾಕ್ ಮತ್ತು ಸ್ಪಾನರ್ ಇಡುವ ಜಾಗದಲ್ಲಿಯೇ, ಹಕ್ಕಿಗಳಿಲ್ಲದ ಒಂದು ಮರದ ನೆರಳನ್ನೂ ಮಡಚಿ ಇಟ್ಟು ಕಳಿಸಬೇಕು.

ನೀರಿನ ವಿಷಯಕ್ಕೆ ಬರುತ್ತೇನೆ. ಗಡಸು ನೀರು ಒಣಗಿದರೆ ಕಲೆ ಉಳಿಯುತ್ತದೆಂದು ತಾವು ಎಚ್ಚರಿಸಿದ್ದು ಬಹಳ ದೊಡ್ಡ ಉಪಕಾರವಾಯಿತು. ನಮ್ಮ ಬೋರಿನ ನೀರು ಒಣಗಿದ ಮೇಲೆ ಚಕ್ರದ ಮೇಲೆ ಎಂಥ ಬಿಳಿ ಚುಕ್ಕೆ ಮೂಡಿಸುತ್ತದೆಂದರೆ, ದೂರದಿಂದ ನೋಡಿದವರು ಗಾಡಿಗೆ ಅಮ್ಮ ಬಂದಿದೆಯೆಂದು ಬೇವಿನ ಸೊಪ್ಪು ಕಟ್ಟಲು ಬಂದಾರು. ಹೀಗಾಗಿ ಕುಡಿಯಲೆಂದು ತರಿಸುತ್ತಿದ್ದ ಫಿಲ್ಟರ್ ನೀರಿನ ಕ್ಯಾನನ್ನು ಚಕ್ರಸೇವೆಗೆ ಮೀಸಲಿಟ್ಟೆ. ಒರೆಸಲು ಮೆತ್ತನೆಯ, ಗೀರು ಬೀಳಿಸದ ಬಟ್ಟೆ ಬೇಕೆಂದಿದ್ದಿರಲ್ಲ, ಮನೆಯಲ್ಲಿ ಅಂಥದ್ದು ಇದ್ದದ್ದು ಬೀಳ್ಕೊಡುಗೆ ಸಮಾರಂಭದಲ್ಲಿ ನನಗೆ ಹೊದಿಸಿದ ಶಾಲು ಒಂದೇ. ಅಷ್ಟು ವರ್ಷ ದುಡಿದ ನನ್ನ ಬೆನ್ನಿಗೆ ಸಂದ ಗೌರವ ಹೀಗೆ ಇನ್ನೂ ಒಂದು ವರ್ಷ ತುಂಬದ ಚಕ್ರಕ್ಕೆ ಸಂದಿತು. ಬಸ್ಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, “ಗಾಲಿಗಿ ಫಿಲ್ಟರ್ ನೀರು, ನನಗ ಬೋರಿನ ನೀರು. ಮುಂದಿನ ಜಲ್ಮಕ್ಕ ಗಾಲಿಯಾಗೇ ಹುಟ್ತೀನಿ ಬಿಡ್ರಿ” ಎಂದಳು. ಅದಕ್ಕೆ ಉತ್ತರವಾಗಿ ನಾನು ತಮ್ಮ ಪುಟವನ್ನು ಅವಳಿಗೆ ಇನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳಿದೆ. ಆ ದಿನಗಳಲ್ಲಿ ಬೆಳಗಿನ ಚಹಾದ ಜೊತೆ ಅದನ್ನು ಓದಿ ಹೇಳುವುದು ನನ್ನ ನಿತ್ಯಕರ್ಮವೇ ಆಗಿತ್ತು.

ಬ್ರೇಕಿನಿಂದ ಉದುರುವ ಪುಡಿಯೇ ಅಲಾಯ್ ಚಕ್ರದ ಪರಮ ಶತ್ರು ಎಂಬ ತಮ್ಮ ಮಾತನ್ನು ನಾನು ಒಪ್ಪಿದೆ. ಒಪ್ಪಿದ ಮೇಲೆ ಬ್ರೇಕ್ ಹಾಕದಿರುವುದೇ ಸರಿ ಎನಿಸಿತು. ಆದರೆ ಶಹಾಪುರದಿಂದ ಭೀಮರಾಯನಗುಡಿಯವರೆಗೆ ಹೋಗಿ ಬರುವುದರೊಳಗೆ ಹಂಪುಗಳೂ ಎಮ್ಮೆಗಳೂ ಪರಿಚಯಸ್ಥರೂ ಎಷ್ಟು ಬಾರಿ ಅಡ್ಡ ಬಂದರೆಂದರೆ, ಮನೆಗೆ ಬಂದು ಬೆರಳಾಡಿಸಿದರೆ ಕಾಡಿಗೆಯಂಥ ಕರಿ ಮೆತ್ತಿಕೊಂಡಿತು. ಎಮ್ಮೆಗಳಿಗೆ ತಮ್ಮ ಕೈಪಿಡಿಯ ಪ್ರತಿಯೊಂದನ್ನು ಕಳಿಸಿಕೊಡುವ ಕೃಪೆ ಮಾಡಬೇಕು. ಪರಿಚಯಸ್ಥರನ್ನು ನಾನು ನೋಡಿಕೊಳ್ಳುತ್ತೇನೆ. ‘ಗಾಡಿ ನಿಲ್ಲಿಸುವಾಗ ಕಾಲುದಾರಿಯ ಕಲ್ಲಿನ ಅಂಚಿಗೆ ಚಕ್ರ ತಾಗದಿರಲಿ’ ಎಂದಿದ್ದೀರಿ. ಅದಕ್ಕೆ ಮೊದಲು ನಮ್ಮ ಓಣಿಗೆ ಕಾಲುದಾರಿಯೊಂದು ಮಂಜೂರಾಗಬೇಕು. ತಮ್ಮ ಕಂಪನಿಯವರು ಒಂದಿಷ್ಟು ಉದ್ದದ ಕಾಲುದಾರಿಯನ್ನು ಕಟ್ಟಿಸಿಕೊಟ್ಟರೆ ಅದಕ್ಕೆ ಚಕ್ರ ತಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ಹೀಗೆ ಬೇಸಿಗೆಯ ಭಾನುವಾರಗಳೆಲ್ಲ ಚಕ್ರ ತಣ್ಣಗಾಗುವುದನ್ನು ಕಾಯುವುದರಲ್ಲಿಯೇ ಹೋದವು. ಶಿರವಾಳದ ಹಳೆಯ ಗುಡಿಗಳವರೆಗಾದರೂ ಹೋಗಿಬರೋಣ ಎಂದು ಹೊರಟ ಒಂದು ದಿನವೂ, ದಾರಿಯಲ್ಲಿ ಹೊಸದಾಗಿ ಜಲ್ಲಿ ಸುರಿದಿದ್ದಾರೆಂದು ತಿಳಿದು ಊರ ಹೊರಗಿನಿಂದಲೇ ಹಿಂದಿರುಗಿದೆವು. ಆಮೇಲೆ ಮಳೆ ಬಿತ್ತು, ಕಾಲುವೆಗೆ ನೀರು ಬಿಟ್ಟರು. ಆ ನೀರು ಬಿಡುವ ಕಡತಕ್ಕೆ ಸೇವೆಯ ಉದ್ದಕ್ಕೂ ಟಿಪ್ಪಣಿ ಬರೆದವನು ನಾನೇ. ಆದರೆ ಅದರಿಂದ ಚಕ್ರಗಳಿಗೆ ಏನಾಗುತ್ತದೆಂದು ಅಂದು ಯೋಚಿಸಿದವನಲ್ಲ. ಗದ್ದೆ ಕೆಸರು ಮಾಡಲು ಕಬ್ಬಿಣದ ಪಂಜರದ ಗಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಡಾಂಬರು ರಸ್ತೆಗೆ ಬಂದರೆ ಅರ್ಧ ಹೊಲವೇ ಅವುಗಳ ಜೊತೆ ಬರುತ್ತದೆ. ನಮ್ಮ ಕಪ್ಪು ಎರಿಮಣ್ಣು ಒಮ್ಮೆ ಹಿಡಿಯಿತೆಂದರೆ ಬಿಡುವ ಜಾತಿಯದಲ್ಲ. ತಮ್ಮ ಪುಟದಲ್ಲಿ ‘ಲಘು ಧೂಳು’, ‘ಸಾಮಾನ್ಯ ಕೊಳೆ’ ಎಂಬ ಎರಡೇ ವರ್ಗಗಳಿವೆ. ಇದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಸ್ಪಷ್ಟೀಕರಣ ಕೋರುತ್ತೇನೆ.

ಶ್ರಾವಣದಲ್ಲಿ ಬಸ್ಸಮ್ಮನ ತಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಗುರುಮಠಕಲ್ಲಿನಲ್ಲಿತ್ತು. ಹಿಂದಿನ ದಿನ ಮಳೆಯಾಗಿತ್ತು. ನಾನು ಚಕ್ರಗಳನ್ನೂ ಆಕಾಶವನ್ನೂ ಬಸ್ಸಮ್ಮನ ಮುಖವನ್ನೂ ಸರದಿಯಂತೆ ನೋಡಿ, ತಮ್ಮ ಪುಟವನ್ನು ನೆನೆದು, ಬಸ್ಸಿಗೆ ಹೋಗೋಣ ಎಂದೆ. ಕಾರು ಅಂಗಳದಲ್ಲಿ ಹೊದ್ದುಕೊಂಡು ಮಲಗಿತ್ತು. ನಾವು ಯಾದಗಿರಿಯವರೆಗೆ ನಿಂತುಕೊಂಡು ಹೋದೆವು, ಅವಳಿಗೋ ಮೊಣಕಾಲು ನೋವು. ಗಡಿಯೂರು ಗುರುಮಠಕಲ್ಲಿಗೆ ಹೋದರೆ ತೆಲುಗು ಮಾತಾಡುವ ನೆರೆಹೊರೆಯವರೆಲ್ಲ “ಕಾರು ತೇಲೇದಾ?” ಎಂದು, ಏಕೆ ತರಲಿಲ್ಲವೆಂದು ಕೇಳುವವರೇ. ಭಾಗಮ್ಮನವರಿಗೆ ಆಗಿನ್ನೂ ಎದುರು ನಿಂತವರ ಗುರುತು ಹತ್ತುತ್ತಿತ್ತು. ಬಸ್ಸಮ್ಮನ ಗದ್ದ ಹಿಡಿದು, “ಕಾರ್ ತಗೊಂಡೀರಂತಲ್ಲವ್ವಾ, ತೋರಸ್ ಬಾ” ಎಂದರು. ಸರ್ವಿಸಿಂಗಿಗೆ ಬಿಟ್ಟಿದ್ದೇವೆ ಎಂದು ನಾನು ಹೇಳಿದೆ. ಬಸ್ಸಮ್ಮ ನನ್ನ ಮಾತಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವಳು ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಮೌನವನ್ನು ಮರೆಯಲು ನಾನು ಚಕ್ರಗಳಿಗೆ ಮೇಣ ತಿಕ್ಕಿದೆ. ಮೇಣದ ತೆಳು ಲೇಪ ರಕ್ಷಣೆ ಕೊಡುತ್ತದೆಂದು ತಾವೇ ಬರೆದಿದ್ದಿರಿ. ಸುರಪುರದಲ್ಲಿ ಕಾರಿನ ಅಲಂಕಾರದ ಅಂಗಡಿ ಇಟ್ಟಿರುವ ತೌಹೀದನ ಬಳಿ ಡಬ್ಬಿ ತಂದು, ಕಡ್ಡಿ ಕಡ್ಡಿಗೂ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ಬಿಡದೆ ತೊಳೆದು, ಒರೆಸಿ, ಹಚ್ಚಿದೆ. ತೌಹೀದ ಡಬ್ಬಿ ಕೊಡುವಾಗ, “ಸಾಹೇಬ್ರ, ಗಾಲಿಗಿ ಇಷ್ಟ್ ಖಿದ್ಮತ್ ಮಾಡಾವ್ರನ್ನ ನಾ ಎಲ್ಲೂ ನೋಡಿಲ್ಲ” ಎಂದಿದ್ದ. ಅದನ್ನು ಹೊಗಳಿಕೆ ಎಂದೇ ತಿಳಿದು ಸಂತೋಷಪಟ್ಟಿದ್ದೆ. ಮಳೆ ಬಿಟ್ಟ ದಿನ ಗಾಳಿ ಎದ್ದು, ಓಣಿಯ ಧೂಳೆಲ್ಲ ಬಂದು ಆ ಮೇಣದ ಮೇಲೆ ಕುಳಿತು, ಕುಳಿತಲ್ಲೇ ವಾಸ್ತವ್ಯ ಹೂಡಿತು.

ಇದೆಲ್ಲದರ ಮೇಲೆ ಅಮಾವಾಸ್ಯೆಗಳು. ತಮ್ಮ ಪುಟದಲ್ಲಿ ಅಮಾವಾಸ್ಯೆಯ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಲೋಪವೆಂದು ವಿನಯಪೂರ್ವಕ ತಿಳಿಸುತ್ತೇನೆ. ನಮ್ಮಲ್ಲಿ ಅಮಾವಾಸ್ಯೆ ಬಂತೆಂದರೆ ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲ ಗಾಡಿಗಳಿಗೂ ಪೂಜೆ. ಚಕ್ರಕ್ಕೆ ವಿಭೂತಿ, ಅದರ ಮೇಲೆ ಕುಂಕುಮ, ಒಡೆದ ಕಾಯಿಯ ನೀರು, ಕೊನೆಗೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಬೇಕು. ಆ ರಸ ಚಿಮ್ಮುವುದು ಎಲ್ಲಿಗೆಂದು ತಾವೇ ಊಹಿಸಬಹುದು. ‘ಹುಳಿ ಅಂಶವಿರುವ ಯಾವುದೇ ವಸ್ತು ಚಕ್ರಕ್ಕೆ ಸೋಕಿದರೆ ಮೇಲಿನ ಲೇಪ ಶಾಶ್ವತವಾಗಿ ಮಂಕಾಗುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಿರಿ. ಸಂಪ್ರದಾಯವನ್ನೂ ಬಿಡದೆ ತಮ್ಮನ್ನೂ ಮೀರದೆ ನಾನು ಒಂದು ನಡುದಾರಿ ಕಂಡುಕೊಂಡೆ: ನಾಲ್ಕೂ ಲಿಂಬೆಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗಾಲಿಯ ಕೆಳಗೆ ಇಟ್ಟೆ. ಪೂಜೆಗೆ ಬಂದಿದ್ದ ಅಯ್ಯನವರು ಬಗ್ಗಿ ನೋಡಿ, “ಲಿಂಬಿಹಣ್ಣಿಗಿ ಅಂಗಿ ತೊಡಸೀರಲ್ರಿ, ದೃಷ್ಟಿ ಹ್ಯಾಂಗ ಇಳೀಬೇಕು?” ಎಂದು ದಕ್ಷಿಣೆಯನ್ನೂ ಮರೆತು ನಕ್ಕರು. ಓಣಿಯ ಹೆಂಗಸರು ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಮಾನ್ಯರೇ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಸರೆಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳನ್ನೆಲ್ಲ ಹೊರಗೆ ತಂದು ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕುವ ಪದ್ಧತಿ. ನಾನು ಚೆಂಡುಹೂ ತರಲು ಸಂತೆಗೆ ಹೋಗಿದ್ದೆ. ಬಂದು ನೋಡುತ್ತೇನೆ, ಕೊಡ ತಂಬಿಗೆಗಳೆಲ್ಲ ಹೊಳೆಯುತ್ತ ಸಾಲಾಗಿ ಬೋರಲು ಬಿದ್ದಿವೆ, ಬಸ್ಸಮ್ಮ ಮೂರು ಚಕ್ರ ಮುಗಿಸಿ, ಮಣೆ ಹಾಕಿಕೊಂಡು ಕಾರಿನ ಮುಂದಿನ ಎಡ ಚಕ್ರದ ಎದುರು ಕುಳಿತಿದ್ದಾಳೆ. ನೆನೆಸಿದ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಹಚ್ಚಿದ್ದು ಆಗಲೇ ಬಿಸಿಲಿಗೆ ಒಣಗಿ ಹೊಪ್ಪಳಿಕೆ ಎದ್ದಿತ್ತು, ಅದನ್ನು ಅವಳು ಎರಡೂ ಕೈಯಿಂದ ಒತ್ತಿ ತಿಕ್ಕುತ್ತಿದ್ದಳು. ನನ್ನ ಕೈಯಿಂದ ಹೂವಿನ ಚೀಲ ಜಾರಿತು. ಪಾಪ, ಓದುಬರಹ ಅಷ್ಟಕ್ಕಷ್ಟೇ, ಇದನ್ನೂ ತಂಬಿಗೆ ಎಂದೇ ತಿಳಿದಳಲ್ಲ ಎಂದು ಕೂಗಾಡಿದೆ. ನೀರು ಸುರಿದು ನೋಡಿದರೆ ಕಪ್ಪಿಲ್ಲ, ಬೆಳ್ಳಿಯಿಲ್ಲ, ನಾಲ್ಕೂ ಚಕ್ರಗಳು ಗೀರುಗೀರಾಗಿ ಬೂದುಗುಂಬಳದಂತೆ ಮಂಕಾಗಿದ್ದವು.

ಅವಳು ಸಾವಕಾಶವಾಗಿ ಎದ್ದು ಕೈ ತೊಳೆದುಕೊಂಡಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ: “ಹುಳಿ ತಾಗಿಸಬಾರದಂತ ದಿನಾ ಚಾದ ಮುಂದ ಓದಿ ಹೇಳ್ದಾವ್ರು ನೀವೇ ಅಲ್ರಿ? ಗೊತ್ತಿಲ್ದ ಮಾಡಿಲ್ಲ ನಾ. ಗೊತ್ತಿದ್ದೇ ಮಾಡೀನಿ. ಇನ್ನ ನೀವು ಕಾಯೂದು ಏನೂ ಉಳದಿಲ್ಲ. ನಾಡದು ಬನ್ನಿ ಕೊಡಾಕ ಅತ್ತಿ ಕಡಿ ಹೋಗೂನು, ಕಾರ್ ತಗೀರಿ.”

ನಾನು ಬಗ್ಗಿ, ಚೆಲ್ಲಿದ ಚೆಂಡುಹೂಗಳನ್ನು ಒಂದೊಂದಾಗಿ ಚೀಲಕ್ಕೆ ಆರಿಸಿ ಹಾಕಿದೆ. ವಿಜಯದಶಮಿಯ ಬನ್ನಿಯ ದಿನ ಹೊಸ ಸೀರೆಯುಟ್ಟು, ಮಡಿಲಲ್ಲಿ ಬನ್ನಿ ಎಲೆ ಇಟ್ಟುಕೊಂಡು ಅವಳು ಮುಂದಿನ ಸೀಟಿನಲ್ಲಿ ಕುಳಿತಳು. ಭೀಮೆಯ ಸೇತುವೆ ದಾಟಿ, ಯಾದಗಿರಿ ದಾಟಿ, ಕೆಸರು ಬಂದಲ್ಲಿ ಕೆಸರಿನಲ್ಲೇ, ಜಲ್ಲಿ ಬಂದಲ್ಲಿ ಜಲ್ಲಿಯ ಮೇಲೆಯೇ ಹೋದೆವು. ನಿಜ ಹೇಳಬೇಕೆಂದರೆ ಕಾರು ಬಂದಾಗಿನಿಂದ ನಾನು ಅದನ್ನು ಓಡಿಸಿ ಸಂತೋಷಪಟ್ಟದ್ದು ಅಂದೇ ಮೊದಲು. ಬಸ್ಸಮ್ಮ ಕಿಟಕಿಯ ಗಾಜು ಇಳಿಸಿ, ಹೊಲದಲ್ಲಿದ್ದ ಗುರುತಿಲ್ಲದವರಿಗೂ ಕೈ ಎತ್ತುತ್ತಿದ್ದಳು.

ಗುರುಮಠಕಲ್ಲಿನ ಮನೆಯ ಮುಂದೆ ಕಾರು ನಿಂತಾಗ ಓಣಿಗೆ ಓಣಿಯೇ ಹೊರಗೆ ಬಂತು. ಚಕ್ರವನ್ನು ಒಬ್ಬರೂ ನೋಡಲಿಲ್ಲವೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಎಲ್ಲರೂ ನೋಡಿದ್ದು ಇಳಿಯುವವಳನ್ನು. ಬಸ್ಸಮ್ಮ ಎಲ್ಲರಿಗೂ ಕಾಣುವಷ್ಟು ಸಾವಕಾಶವಾಗಿ ಇಳಿದು, ಸೆರಗು ಸರಿಮಾಡಿಕೊಂಡು, ಬಾಗಿಲನ್ನು ತೆರೆದೇ ಬಿಟ್ಟು, ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆಯ ಎದುರಿಗೆ ಹೋಗಿ ನಿಂತಳು. ಅವರು ಮುಖ ಎತ್ತಿ “ಯಾರು?” ಎಂದರು. “ನಾ ಬಸ್ಸಮ್ಮರಿ ಅತ್ತಿ” ಎಂದು ಹೇಳಿ ಅವಳು ಅವರ ಕೈಯಲ್ಲಿ ಬನ್ನಿ ಇಟ್ಟು ಕಾಲು ಮುಟ್ಟಿದಳು. ಅವರು ಅವಳ ತಲೆ ಸವರಿ, ಗಲ್ಲ ಸವರಿ, ನಮ್ಮ ಕಾರು ನಿಂತಿದ್ದ ಕಡೆಗೇ ಕಣ್ಣು ನೆಟ್ಟು ಕೇಳಿದರು: “ಬಾ ನಮ್ಮವ್ವಾ. ಬಸ್ ಲೇಟಾತೇನು?”

ಬಸ್ಸಮ್ಮ ಒಮ್ಮೆ ನನ್ನನ್ನು ನೋಡಿದಳು. “ಹೌದ್ರಿ ಅತ್ತಿ” ಎಂದಳು, “ಭಾಳ ಲೇಟಾತು.”

ನನಗೆ ನಾಚಿಕೆಯಾಯಿತು, ಮಾನ್ಯರೇ. ಅಳುವೂ ಬಂತು. ಕಾರು ನೋಡುವ ನೆಪ ಮಾಡಿ ಹೊರಗೆ ಹೋಗಿ ಚಕ್ರದ ಪಕ್ಕದಲ್ಲಿ ಕುಳಿತೆ. ಅಲಾಯ್ ಚಕ್ರಗಳಿಗೆ ಇಂತಿಷ್ಟು ಅವಧಿಯ ವಾರಂಟಿ ಉಂಟು, ದೋಷ ಕಂಡರೆ ಬದಲಾಯಿಸಿ ಕೊಡಲಾಗುವುದು ಎಂದು ತಮ್ಮ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ನನಗೆ ಹೊಸ ಚಕ್ರ ಬೇಡ. ಈ ವರ್ಷದ ಶ್ರಾವಣ ಮಾಸವೊಂದನ್ನು ಬದಲಾಯಿಸಿ ಕೊಟ್ಟರೆ ಸಾಕು. ಮಳೆ, ಕೆಸರು ಎಲ್ಲ ಹಾಗೆಯೇ ಇರಲಿ, ಅಡ್ಡಿಯಿಲ್ಲ.

ಅನುಕೂಲಕರ ಉತ್ತರದ ನಿರೀಕ್ಷೆಯೇನೂ ಇಲ್ಲದ,

ತಮ್ಮ ವಿಶ್ವಾಸಿ,
ಜಗದೇವಪ್ಪ

ವಿ.ಸೂ.: ಭಾಗಮ್ಮನವರ ಕಣ್ಣಿನಲ್ಲಿರುವುದು ಪೊರೆ, ತೆಗೆದರೆ ಕಾಣುತ್ತದೆ ಎಂದು ವೈದ್ಯರು ಹೇಳಿದ್ದರಿಂದ ಅವರನ್ನು ನಮ್ಮ ಕಾರಿನಲ್ಲಿಯೇ ಯಾದಗಿರಿಗೆ ಕರೆತಂದೆವು, ಇಂದು ಬೆಳಿಗ್ಗೆ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಈ ಪತ್ರವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತೇ ಮುಗಿಸುತ್ತಿದ್ದೇನೆ. ವೈದ್ಯರು ಕೊಟ್ಟ ಸೂಚನೆಗಳು ಹೀಗಿವೆ: ಬಿಸಿಲಿಗೆ ಒಡ್ಡಬಾರದು, ಧೂಳು ತಾಗಬಾರದು, ನೀರು ಚಿಮ್ಮಬಾರದು, ಉಜ್ಜಬಾರದು, ಒರೆಸುವುದಾದರೆ ಮೆತ್ತನೆಯ ಶುಭ್ರ ಬಟ್ಟೆಯಿಂದ ಮಾತ್ರ. ಇದನ್ನೂ ತಾವೇ ಬರೆದದ್ದೆಂದು ನನಗೆ ಬಲವಾದ ಗುಮಾನಿಯಿದೆ. ಹಾಗಿದ್ದಲ್ಲಿ ತಮ್ಮ ಪಾಂಡಿತ್ಯ ಕೊನೆಗೂ ತಕ್ಕ ಜಾಗಕ್ಕೆ ಬಂದು ಸೇರಿದ್ದಕ್ಕೆ ಅಭಿನಂದನೆಗಳು, ಇದರಲ್ಲಿ ಒಂದಕ್ಷರವನ್ನೂ ನಾವು ಮೀರುವುದಿಲ್ಲ. ನಾಳೆ ಪಟ್ಟಿ ಬಿಚ್ಚುತ್ತಾರೆ. ಕಾರನ್ನು ಆಸ್ಪತ್ರೆಯ ಬಾಗಿಲಿಗೆ ಎದುರಾ ಎದುರು ತಂದು ನಿಲ್ಲಿಸಬೇಕೆಂದು ಬಸ್ಸಮ್ಮನ ಅಪ್ಪಣೆಯಾಗಿದೆ. ನಿಲ್ಲಿಸಿದ್ದೇನೆ, ನಟ್ಟ ಬಿಸಿಲಿನಲ್ಲಿ, ತೊಳೆಯದೆ.